ಅಂಗಳವೂ ರಂಗವೇ

ರಂಗಮಂದಿರ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಪರದೆ, ಬೆಳಕು, ಕತ್ತಲಲ್ಲಿ ಕೂತ ಸಾಲು ಸಾಲು ಜನ. ಗೇಟಿನಿಂದ ಸಭಾಂಗಣದ ಬಾಗಿಲಿನವರೆಗಿನ ಜಾಗ ಮಾತ್ರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಮೆಟ್ಟಿಲು, ಮೊಗಸಾಲೆ, ಮರದ ಸುತ್ತಲಿನ ಕಟ್ಟೆ, ಚಹಾ ಸಿಗುವ ಮೂಲೆ, ಮೂರನೆಯ ಗಂಟೆ ಬಾರಿಸುವವರೆಗೆ ಜನ ನಿಂತು ಮಾತಾಡುವ ಅಂಗಳ, ಇವೆಲ್ಲ ನಾಟಕಕ್ಕೆ ಮುಂಚೆ ಹೊತ್ತು ಕಳೆಯುವ ತಾಣಗಳು ಎಂದೇ ನಾವು ತಿಳಿದಿದ್ದೇವೆ. ಈಗ ಈ ಅಂಗಳಗಳಲ್ಲಿ ಚಿತ್ರಪ್ರದರ್ಶನ, ಛಾಯಾಚಿತ್ರ ಪ್ರದರ್ಶನ, ಪುಸ್ತಕ ಮಳಿಗೆ, ವಿಚಾರ ಸಂಕಿರಣ, ಸಂವಾದಗಳು ನಡೆಯುತ್ತಿವೆ. ನಡೆದರೇನಂತೆ ಎನ್ನುವವರಿದ್ದಾರೆ, ನಾಟಕದ ಮನೆಯನ್ನು ಸಂತೆ ಮಾಡಿದಿರಿ ಎಂದು ನೊಂದುಕೊಳ್ಳುವವರೂ ಇದ್ದಾರೆ. ನೊಂದವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪ್ರವೇಶಕ್ಕೆ ಮುಂಚೆ ರಂಗವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಟನಿಗೆ, ಚೌಕಿಯಲ್ಲಿ ಗಣಪತಿಗೆ ಪೂಜೆ ಸಲ್ಲಿಸಿಯೇ ಆಟಕ್ಕೆ ಹೊರಡುವ ಯಕ್ಷಗಾನ ಮೇಳಕ್ಕೆ ರಂಗವೆಂದರೆ ಬರಿಯ ಹಲಗೆಯಾಗಲಾರದು. ಹಾಗಾಗಿ ಇಲ್ಲಿ ಏಳುವ ಪ್ರಶ್ನೆ ಧರ್ಮದ್ದೂ ಹೌದು, ತತ್ತ್ವದ್ದೂ ಹೌದು. ರಂಗದ ಪಾವಿತ್ರ್ಯದ ಗಡಿ ಎಲ್ಲಿದೆ? ಹೊರಗೆ ವಾದ ಮಾಡಿ ಬಂದ ಮನಸ್ಸು ಒಳಗೆ ರಸಕ್ಕೆ ಒದಗುತ್ತದೆಯೆ? ನಾನು ಇಲ್ಲಿ ಮಂಡಿಸಬೇಕೆಂದಿರುವುದು ಇಷ್ಟು: ಅಂಗಳ ರಂಗದ ಒಂದು ಅಂಗ. ಅಲ್ಲಿ ನಡೆಯುವ ಪ್ರದರ್ಶನವೂ ಸಂವಾದವೂ ನಾಟಕಕ್ಕೆ ಅಂಟಿಸಿದ ಅಲಂಕಾರವಾಗಿರದೆ, ನಾಟಕ ತಾನೊಂದೇ ಮಾಡಲಾಗದ ಒಂದು ಕೆಲಸವನ್ನು ಮಾಡುತ್ತವೆ.

ಶಾಸ್ತ್ರದಿಂದಲೇ ಹೊರಡೋಣ. ಭರತನ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯ ನಾಟ್ಯಮಂಟಪವನ್ನು ಕಟ್ಟುವ ಬಗೆಗೆ ಮೀಸಲು. ವಿಕೃಷ್ಟ, ಚತುರಶ್ರ, ತ್ರ್ಯಶ್ರ ಎಂದು ಮೂರು ಆಕಾರಗಳು. ಮನುಷ್ಯರಿಗೆ ಒಪ್ಪುವ ಮಧ್ಯಮ ಅಳತೆ 64 ಹಸ್ತ ಉದ್ದ, 32 ಹಸ್ತ ಅಗಲ. ಅದಕ್ಕಿಂತ ದೊಡ್ಡದಾದರೆ ನಟನ ಮಾತು ಸ್ವರಗೆಡುತ್ತದೆ, ಮುಖದ ಭಾವ ದೂರದಲ್ಲಿ ಕೂತವನಿಗೆ ಕಾಣದೆ ಹೋಗುತ್ತದೆ. ಮಂಟಪ ಬೆಟ್ಟದ ಗುಹೆಯಂತಿರಬೇಕು, ಕಿಟಕಿಗಳು ಚಿಕ್ಕವಾಗಿರಬೇಕು, ಗಾಳಿ ನುಗ್ಗಬಾರದು. ಆಗಷ್ಟೇ ದನಿಗೆ ಗಾಂಭೀರ್ಯ ಬರುತ್ತದೆ. ಹೊರಲೋಕವನ್ನು ಇಷ್ಟು ಎಚ್ಚರದಿಂದ ಹೊರಗಿಟ್ಟ ಅದೇ ಶಾಸ್ತ್ರಕಾರ, ಗೋಡೆಗಳಿಗೆ ಗಾರೆ ಮೆತ್ತಿ ಸುಣ್ಣ ಬಳಿದು ನಯಗೊಳಿಸಿದ ಮೇಲೆ ಅವುಗಳ ಮೇಲೆ ಚಿತ್ರ ಬರೆಸಬೇಕೆಂದು ವಿಧಿಸುತ್ತಾನೆ. ಗಂಡಸರು, ಹೆಂಗಸರು, ಬಳ್ಳಿಗಳ ಹೆಣಿಗೆ, ಮನುಷ್ಯರ ಸುಖಭೋಗದ ನಡೆನುಡಿ, ಇವು ಆ ಚಿತ್ರಗಳ ವಸ್ತು. ನಾಟಕ ನೋಡಲು ಬಂದವನು ಮೊದಲು ಚಿತ್ರ ನೋಡುತ್ತಾನೆ. ಅಷ್ಟರಮಟ್ಟಿಗೆ ಚಿತ್ರಪ್ರದರ್ಶನವೆಂಬುದು ನಮ್ಮ ರಂಗಮಂದಿರದ ಮೂಲ ನಕ್ಷೆಯಲ್ಲೇ ಇದೆ. ಇನ್ನು ಬಾಗಿಲು. ಮೊದಲ ಅಧ್ಯಾಯದಲ್ಲಿ ಬ್ರಹ್ಮ ನಾಟ್ಯಗೃಹದ ಒಂದೊಂದು ಭಾಗಕ್ಕೂ ಒಬ್ಬೊಬ್ಬ ದೇವತೆಯನ್ನು ಕಾವಲಿಗೆ ನೇಮಿಸುತ್ತಾನೆ. ರಂಗಪೀಠದ ನಡುವೆ ತಾನೇ ನಿಲ್ಲುತ್ತಾನೆ. ದ್ವಾರಶಾಲೆಗೆ ಕೃತಾಂತನನ್ನೂ ಕಾಲನನ್ನೂ ನಿಲ್ಲಿಸುತ್ತಾನೆ, ಹೊಸ್ತಿಲಿಗೆ ಯಮದಂಡವನ್ನು ಇಡುತ್ತಾನೆ, ದ್ವಾರಪಾಲಕರಾಗಿ ನಿಯತಿ ಮತ್ತು ಮೃತ್ಯುವನ್ನು ಇರಿಸುತ್ತಾನೆ. ವಿಘ್ನಕಾರಿಗಳನ್ನು ತಡೆಯುವುದಕ್ಕಾಗಿ ಈ ಏರ್ಪಾಡು, ನಿಜ. ಆದರೆ ಇದರಿಂದ ಇನ್ನೂ ಒಂದು ಮಾತು ಸ್ಪಷ್ಟವಾಗುತ್ತದೆ: ಪಾವಿತ್ರ್ಯದ ಗಡಿ ರಂಗಪೀಠದ ಅಂಚಿಗೆ ಮುಗಿಯದೆ ಬಾಗಿಲ ಶಾಲೆಯವರೆಗೂ ಚಾಚಿಕೊಂಡಿದೆ. ಅಲ್ಲಿ ನಿಂತವರೋ, ಅರಸನನ್ನೂ ಆಳನ್ನೂ ಒಂದೇ ಕಣ್ಣಿನಿಂದ ನೋಡುವ ದೇವತೆಗಳು. ಕಾಲ ಮತ್ತು ಮೃತ್ಯುವಿನ ಎದುರು ಹಾದು ಒಳಗೆ ಬಂದವನು ತನ್ನ ಸ್ಥಾನಮಾನವನ್ನು ಹೊರಗೆ ಬಿಟ್ಟು ಬಂದಿರಬೇಕು ಎಂದು ನಾನು ಆ ಚಿತ್ರವನ್ನು ಓದಿಕೊಳ್ಳುತ್ತೇನೆ.

ಇದನ್ನು ಬರಿಯ ವಾಸ್ತುವಿನ ಮಾತೆಂದು ಬಿಡುವಂತಿಲ್ಲ. ಸುಮಾರು 10ನೆಯ ಶತಮಾನದ ಕೊನೆಯಲ್ಲಿ ಕಾಶ್ಮೀರದಲ್ಲಿದ್ದ ಅಭಿನವಗುಪ್ತ ನಾಟ್ಯಶಾಸ್ತ್ರಕ್ಕೆ ಬರೆದ ಅಭಿನವಭಾರತಿಯಲ್ಲಿ ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ಮೂರನೆಯದು, ಪ್ರೇಕ್ಷಕ ತನ್ನ ಸ್ವಂತ ಸುಖದುಃಖಗಳಲ್ಲಿ ಪರವಶನಾಗಿರುವುದು. ಮಗಳ ಮದುವೆಯ ಸಾಲ, ಕಚೇರಿಯ ಅವಮಾನ, ಹೊಸ ಮನೆಯ ಸಂಭ್ರಮ, ಯಾವುದಾದರೂ ಸರಿ, ತನ್ನದರಲ್ಲೇ ಮುಳುಗಿದವನಿಗೆ ಮತ್ತೊಬ್ಬರ ಭಾವದಲ್ಲಿ ಮನಸ್ಸು ನಿಲ್ಲುವುದು ಹೇಗೆ? ಈ ವಿಘ್ನಕ್ಕೆ ಆತ ಕೊಡುವ ಪರಿಹಾರ ಗಮನಾರ್ಹ. ವಾದ್ಯ, ಗಾನ ಮೊದಲಾದವುಗಳ ಜೊತೆಗೆ ಬಣ್ಣಬಣ್ಣದ ಮಂಟಪವನ್ನೂ ಆತ ಹೆಸರಿಸುತ್ತಾನೆ. ಎಂದರೆ, ಮಂಟಪದ ಚೆಲುವು ರಸಕ್ಕೆ ಹೊರಗಿನದಾಗಿ ಆತನಿಗೆ ಕಾಣಲಿಲ್ಲ. ತನ್ನೊಳಗೆ ಗಂಟುಬಿದ್ದ ಮನುಷ್ಯನನ್ನು ಬಿಡಿಸಿ ರಸಕ್ಕೆ ಅಣಿಗೊಳಿಸುವ ಉಪಾಯವಾಗಿ ಕಂಡಿತು. ರಸ್ತೆಯ ಗದ್ದಲದಿಂದ ನೇರ ಕತ್ತಲ ಕುರ್ಚಿಗೆ ಬಂದು ಕೂತವನ ಮನಸ್ಸು ಮೊದಲ ಅಂಕ ಮುಗಿಯುವವರೆಗೂ ರಸ್ತೆಯಲ್ಲೇ ಇರುತ್ತದೆ. ಮೊಗಸಾಲೆಯಲ್ಲಿ ತೂಗುಹಾಕಿದ ಹತ್ತು ಚಿತ್ರಗಳ ಮುಂದೆ ಅರ್ಧ ಗಂಟೆ ನಡೆದಾಡಿದವನ ಉಸಿರು ಬೇರೆಯಾಗಿರುತ್ತದೆ. ಅಂಗಳದ ಮೊದಲ ಕೆಲಸ ಇದು: ಬಿಡಿಸುವುದು.

ಬಿಡಿಸಿದ ಮೇಲೆ ಕೂಡಿಸುವ ಕೆಲಸವೂ ಅದರದ್ದೇ. ಇದಕ್ಕೆ ಸಾಕ್ಷಿ ನಮ್ಮ ಮಾತಿನಲ್ಲೇ ಹುದುಗಿದೆ. ಸಂಸ್ಕೃತ ಕಾವ್ಯಮೀಮಾಂಸೆಯಲ್ಲಿ ನಾಟಕ ನೋಡುವವನಿಗೆ ಸಾಮಾಜಿಕ ಎಂದು ಹೆಸರು. ಸಮಾಜ ಎಂದರೆ ಆಗ ಆಟ, ಹಾಡು, ನೋಟಗಳಿಗಾಗಿ ಜನ ನೆರೆಯುವ ಕೂಟ. ಅಶೋಕ ತನ್ನ ಮೊದಲ ಬಂಡೆಶಾಸನದಲ್ಲಿ ಇಂಥ ಸಮಾಜಗಳಲ್ಲಿ ಬಹಳ ದೋಷ ಕಾಣುತ್ತೇನೆಂದು ಅವನ್ನು ನಿಷೇಧಿಸಿ, ಆದರೂ ಒಳ್ಳೆಯವೆನಿಸುವ ಕೆಲವು ಸಮಾಜಗಳಿವೆ ಎಂದು ಸೇರಿಸಿದ. ಧರ್ಮದ ಕಣ್ಣಿಗೆ ಜನಜಂಗುಳಿ ಯಾವಾಗಲೂ ಅನುಮಾನದ ವಸ್ತು; ಆದರೆ ಎಲ್ಲ ಕೂಟವೂ ಒಂದೇ ಅಲ್ಲವೆಂಬ ವಿವೇಕ ಆ ಅರಸನಿಗಿತ್ತು. ಇಂದು ಕನ್ನಡದಲ್ಲಿ ಸಮಾಜವೆಂದರೆ ನಾವೆಲ್ಲ ಕೂಡಿ ಬಾಳುವ ಒಟ್ಟು ಲೋಕ. ಪ್ರೇಕ್ಷಕನ ಹೆಸರೂ ಲೋಕದ ಹೆಸರೂ ಒಂದೇ ಬೇರಿನಿಂದ ಬಂದಿರುವುದು ಕಾಕತಾಳೀಯವೆಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಟಿಕೆಟ್ಟು ಕೊಂಡ ಮಾತ್ರಕ್ಕೆ ಯಾರೂ ಸಾಮಾಜಿಕರಾಗುವುದಿಲ್ಲ. ಗುರುತಿಲ್ಲದವರ ಜೊತೆ ನಿಂತು, ಒಂದೇ ಚಿತ್ರವನ್ನು ನೋಡಿ, ಬೇರೆ ಬೇರೆ ಮಾತಾಡಿ, ಆ ಮಾತನ್ನು ಸಹಿಸಿಕೊಂಡವರು ಸಾಮಾಜಿಕರಾಗುತ್ತಾರೆ. ಕತ್ತಲ ಸಭಾಂಗಣದಲ್ಲಿ ಇದಕ್ಕೆ ಎಡೆಯಿಲ್ಲ, ಇರಲೂಬಾರದು. ಅಂಗಳದಲ್ಲಿ ಇದೆ.

ಈಗ ನನ್ನ ವಾದದ ತಿರುಳಿಗೆ ಬರುತ್ತೇನೆ. ರಂಗಭೂಮಿಯ ಮೇಲೆ ಧರ್ಮಚಿಂತಕರು ಹೊರಿಸಿದ ಆರೋಪಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಸಂತ ಅಗಸ್ಟೀನನದು. ನಾಲ್ಕನೆಯ ಶತಮಾನದ ಕೊನೆಗೆ ಬರೆದ ಕನ್ಫೆಷನ್ಸ್ ಗ್ರಂಥದ ಮೂರನೆಯ ಭಾಗದಲ್ಲಿ, ಕಾರ್ತೇಜಿನಲ್ಲಿ ತಾನು ನಾಟಕಗಳಿಗೆ ಮರುಳಾಗಿದ್ದ ದಿನಗಳನ್ನು ನೆನೆದು ಆತ ಕೇಳುತ್ತಾನೆ: ತಾನು ಅನುಭವಿಸಲು ಬಯಸದ ದುಃಖವನ್ನು ಮನುಷ್ಯ ರಂಗದ ಮೇಲೆ ನೋಡಿ ಸುಖಿಸುವುದೇಕೆ? ಅಲ್ಲಿ ನೋಡುಗನನ್ನು ಕರೆಯುವುದು ನೊಂದವರಿಗೆ ನೆರವಾಗಲು ಅಲ್ಲವಲ್ಲ, ಬರಿದೆ ಮರುಗಲು. ಇದು ಎಂಥ ಕರುಣೆ? ರಸಸಿದ್ಧಾಂತವನ್ನು ಒಪ್ಪಿದವರು ಈ ಪ್ರಶ್ನೆಯನ್ನು ಎದುರಿಸಲೇಬೇಕು. ಏಕೆಂದರೆ ರಸದ ಗುಟ್ಟಿರುವುದು ಸಾಧಾರಣೀಕರಣದಲ್ಲಿ. ರಂಗದ ಮೇಲಿನ ಶೋಕ ನನ್ನದಲ್ಲ, ಎದುರಾಳಿಯದಲ್ಲ, ಯಾರೊಬ್ಬರದೂ ಅಲ್ಲ ಎಂಬಂತೆ ಕಾಲದೇಶಗಳ ಕಟ್ಟು ಕಳಚಿಕೊಂಡಾಗ ಅದು ಕರುಣರಸವಾಗುತ್ತದೆ. ಯಾರ ದುಃಖ ಎಂಬ ಪ್ರಶ್ನೆ ಅಳಿಸಿಹೋದಾಗಲೇ ಆಸ್ವಾದ ಸಾಧ್ಯ. ಇದು ರಸದ ಹಿರಿಮೆ, ಇದರಲ್ಲೇ ಅದರ ಅಪಾಯವೂ ಇದೆ. ಯಾರದೂ ಅಲ್ಲದ ದುಃಖಕ್ಕೆ ಮರುಗಿದವನು, ಮನೆಗೆ ಹೋಗುವ ದಾರಿಯಲ್ಲಿ ಸಿಗುವ, ಹೆಸರಿರುವ, ವಿಳಾಸವಿರುವ ದುಃಖವನ್ನು ಗುರುತಿಸದೆ ದಾಟಿಹೋಗಬಹುದು.

ಇದು ಊಹೆಯ ಭಯವಲ್ಲ ಎನ್ನುವುದಕ್ಕೆ ಅಥೆನ್ಸಿನ ಚರಿತ್ರೆಯೇ ಆಧಾರ. ಕ್ರಿ.ಪೂ. 416ರ ಚಳಿಗಾಲದಲ್ಲಿ ಅಥೆನ್ಸಿನವರು ಮೆಲೋಸ್ ದ್ವೀಪವನ್ನು ಗೆದ್ದು ಅಲ್ಲಿನ ಗಂಡಸರನ್ನು ಕೊಂದರು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾರಿದರು. ಮರುವರ್ಷ, 415ರ ವಸಂತದ ಡಯೊನಿಸಸ್ ಉತ್ಸವದಲ್ಲಿ, ಯುರಿಪಿಡಿಸ್ ಅದೇ ನಗರದ ಜನರ ಮುಂದೆ ಟ್ರಾಯ್ ನಗರದ ಸೋತ ಹೆಂಗಸರ ಗೋಳನ್ನು ನಾಟಕವಾಗಿ ಆಡಿಸಿದ. ಅವನ ನಾಟಕಗಳಿಗೆ ಎರಡನೆಯ ಬಹುಮಾನ ಬಂತು. ಅದೇ ವರ್ಷದ ಬೇಸಿಗೆಯಲ್ಲಿ ಅಥೆನ್ಸಿನ ನೌಕಾಪಡೆ ಮತ್ತೊಂದು ನಾಡನ್ನು ಗೆಲ್ಲಲು ಸಿಸಿಲಿಯತ್ತ ಹೊರಟಿತು. ನಾಟಕ ಸೋತಿತೆಂದು ನಾನು ಹೇಳುತ್ತಿಲ್ಲ. ಎರಡೂವರೆ ಸಾವಿರ ವರ್ಷಗಳ ನಂತರವೂ ಆ ಹೆಂಗಸರ ದನಿ ಕೇಳುತ್ತಿದೆ. ಆದರೆ ಟ್ರಾಯಿನ ಹೆಂಗಸರಿಂದ ಮೆಲೋಸಿನ ಹೆಂಗಸರಿಗೆ ಹೋಗುವ ದಾರಿಯನ್ನು ನಾಟಕವೊಂದೇ ಹಾಕಿಕೊಡಲಾರದು. ಹಾಕಿಕೊಡಲು ಹೊರಟರೆ ಅದು ರಸವನ್ನು ಬಿಟ್ಟು ಭಾಷಣವಾಗುತ್ತದೆ. ಆ ದಾರಿ ಅಂಗಳದಲ್ಲಿದೆ. ಒಳಗೆ ಅಳಿಸಿಹೋದ ಪ್ರಶ್ನೆಯನ್ನು ಹೊರಗೆ ಮತ್ತೆ ಕೇಳಬೇಕು: ಯಾರ ದುಃಖ? ಗೋಡೆಯ ಮೇಲಿನ ಛಾಯಾಚಿತ್ರಕ್ಕೆ ಊರಿದೆ, ದಿನಾಂಕವಿದೆ, ಮುಖವಿದೆ. ಸಂವಾದದಲ್ಲಿ ಎದ್ದುನಿಂತು ಮಾತಾಡುವವರಿಗೆ ಹೆಸರಿದೆ. ಅಣೆಕಟ್ಟಿನಲ್ಲಿ ಮುಳುಗಿದ ಊರಿನ ನಾಟಕ ನೋಡಿ ಹೊರಬಂದವನಿಗೆ ಅಂಥದೊಂದು ಊರಿನ ನಕ್ಷೆಯೂ ಅಲ್ಲಿಂದ ಬಂದವರ ಮಾತೂ ಎದುರಾದರೆ, ಯಾರದೂ ಅಲ್ಲದ ಶೋಕ ಮತ್ತೆ ಒಬ್ಬರದಾಗುತ್ತದೆ. ನಾಟಕ ನಮ್ಮನ್ನು ಸ್ವಂತದಿಂದ ಬಿಡಿಸುತ್ತದೆ, ಅಂಗಳ ನಮ್ಮನ್ನು ಲೋಕಕ್ಕೆ ಮರಳಿ ಒಪ್ಪಿಸುತ್ತದೆ. ಅಗಸ್ಟೀನನಿಗೆ ನಾನು ಕೊಡಬಲ್ಲ ಉತ್ತರ ಇದೊಂದೇ, ಮತ್ತು ಈ ಉತ್ತರ ಅಂಗಳವಿಲ್ಲದ ರಂಗಮಂದಿರಕ್ಕೆ ಲಭ್ಯವಿಲ್ಲ.

ಕನ್ನಡ ನಾಡಿನಲ್ಲಿ ಇದನ್ನು ತಿಳಿದು ಮಾಡಿದವರಿದ್ದಾರೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಕೆ.ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ನಾಟಕದ ಸುತ್ತ ಒಂದು ವಿಚಾರದ ಅಂಗಳವನ್ನೇ ಬೆಳೆಸಿತು. 1972ರಲ್ಲಿ ಕಟ್ಟಿದ ಶಿವರಾಮ ಕಾರಂತ ರಂಗಮಂದಿರ, ಚಿತ್ರಸಮಾಜ, ಪುಸ್ತಕ ಪ್ರಕಾಶನ, 1980ರ ರಂಗಶಿಕ್ಷಣ ಕೇಂದ್ರ, 1985ರಿಂದ ತಿರುಗಾಟ, ಇವೆಲ್ಲ ಬೇರೆ ಬೇರೆ ಯೋಜನೆಗಳಂತೆ ಕಂಡರೂ ಒಂದೇ ಬುಡದ ಕೊಂಬೆಗಳು. ಪ್ರತಿವರ್ಷ ನಡೆಯುವ ಸಂಸ್ಕೃತಿ ಶಿಬಿರದ ದಿನಚರಿಯನ್ನು ನೋಡಿ: ಹಗಲು ಉಪನ್ಯಾಸ, ಚರ್ಚೆ, ಸಂಜೆ ನಾಟಕ, ಮರುದಿನ ಬೆಳಿಗ್ಗೆ ಹಿಂದಿನ ಸಂಜೆಯ ನಾಟಕದ ಮೇಲೆ ಮಾತು. ನಡುವೆ ಒಂದು ರಾತ್ರಿ ಬಿಟ್ಟಿರುವುದರಲ್ಲಿ ದೊಡ್ಡ ವಿವೇಕವಿದೆ. ರಸ ಆರುವುದಕ್ಕೂ ಹೊತ್ತು ಬೇಕು, ಅರಿವಾಗುವುದಕ್ಕೂ ಹೊತ್ತು ಬೇಕು. ಮೈಸೂರಿನಲ್ಲಿ 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶಕತ್ವದಲ್ಲಿ ಆರಂಭವಾದ ರಂಗಾಯಣದ ಆವರಣವಂತೂ ಅಂಗಳವೇ ರಂಗವಾದದ್ದಕ್ಕೆ ಒಳ್ಳೆಯ ನಿದರ್ಶನ. ಭೂಮಿಗೀತ, ವನರಂಗ ಎಂಬ ರಂಗಗಳ ನಡುವೆ ಮರಗಳಿವೆ, ಓಡಾಡುವ ದಾರಿಗಳಿವೆ. ಬಹುರೂಪಿ ನಾಟಕೋತ್ಸವದ ದಿನಗಳಲ್ಲಿ ಆ ದಾರಿಗಳ ಉದ್ದಕ್ಕೂ ಚಿತ್ರ, ಪುಸ್ತಕ, ಕರಕುಶಲ ವಸ್ತುಗಳು. ಒಂದು ಕಡೆ ಸಿನಿಮಾ, ಇನ್ನೊಂದು ಕಡೆ ವಿಚಾರ ಸಂಕಿರಣ. ಉತ್ಸವಕ್ಕೊಂದು ಆಶಯವನ್ನು ಆರಿಸಿಕೊಳ್ಳುವ ಪದ್ಧತಿಯೂ ಇದೆ. 2020ರಲ್ಲಿ ಅದು ಗಾಂಧಿ ಪಥವಾಗಿತ್ತು. ಹಳ್ಳಿಯಿಂದ ಬಂದ ಕಾಲೇಜು ಹುಡುಗಿ ಟಿಕೆಟ್ಟಿಲ್ಲದೆ ಅಲ್ಲಿ ಇಡೀ ಹಗಲು ಇರಬಹುದು ಎಂಬುದನ್ನು ನಾನು ಚಿಕ್ಕ ವಿಷಯವೆಂದು ತಿಳಿದಿಲ್ಲ.

ಈಗ ಆಕ್ಷೇಪಗಳು. ಮೊದಲನೆಯದು ರಸಿಕರದು. ವಿಚಾರ ತಲೆಯದು, ರಸ ಎದೆಯದು. ಸಂಕಿರಣದಿಂದ ಎದ್ದುಬಂದವನು ನಾಟಕವನ್ನು ನೋಡುವುದಿಲ್ಲ, ಪರೀಕ್ಷೆ ಮಾಡುತ್ತಾನೆ ಎಂಬುದು ಅವರ ವಾದ. ವಿಚಾರ ಮತ್ತು ಅನುಭವ ಎರಡು ಬೇರೆ ಕೋಣೆಗಳು ಎಂಬ ನಂಬಿಕೆ ಇದರ ಹಿಂದಿದೆ. ಕನ್ನಡದ ಪರಂಪರೆ ಇದನ್ನು ಒಪ್ಪಿದಂತೆ ಕಾಣುವುದಿಲ್ಲ. ಶೂನ್ಯಸಂಪಾದನೆಗಳು ಚಿತ್ರಿಸುವ ಕಲ್ಯಾಣದಲ್ಲಿ ಅಕ್ಕಮಹಾದೇವಿಯನ್ನು ಬರಮಾಡಿಕೊಳ್ಳುವುದು ಹಾರದಿಂದಲ್ಲ, ಅಲ್ಲಮಪ್ರಭುವಿನ ಬಿರುಸಾದ ಪ್ರಶ್ನೆಗಳಿಂದ. ಆ ಪ್ರಶ್ನೋತ್ತರ ಅನುಭಾವಕ್ಕೆ ಅಡ್ಡಿಯಾಗದೆ ಅದರ ಹೊಸ್ತಿಲಾಗುತ್ತದೆ. ಅನುಭವ ಮಂಟಪ ಎಂಬ ಹೆಸರಿನಲ್ಲೇ ಅನುಭವಕ್ಕೆ ಒಂದು ಮಂಟಪ, ಎಂದರೆ ಮಾತಿಗೆ ಕೂರುವ ಜಾಗ, ಬೇಕೆಂಬ ಒಪ್ಪಿಗೆಯಿದೆ. ಕರಾವಳಿಯ ತಾಳಮದ್ದಳೆಯಂತೂ ಈ ಆಕ್ಷೇಪಕ್ಕೆ ನೇರ ಉತ್ತರ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರು ಕೂತು ವಾದಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾಲಿಯೋ ರಾವಣನೋ ಧರ್ಮದ ಪ್ರಶ್ನೆಯನ್ನು ಎಳೆಎಳೆಯಾಗಿ ಬಿಡಿಸುವಾಗ ಕೇಳುಗರ ಕಣ್ಣು ಒದ್ದೆಯಾಗುತ್ತಿತ್ತು. ತರ್ಕವೇ ಅಲ್ಲಿ ರಸದ ವಾಹನ.

ಆದರೂ ರಸಿಕರ ಆಕ್ಷೇಪದಲ್ಲಿ ಒಂದು ಸತ್ಯದ ಕಾಳಿದೆ, ಅದನ್ನು ಬಿಡುವಂತಿಲ್ಲ. ಅಭಿನವಗುಪ್ತನ ಅದೇ ಪಟ್ಟಿಯಲ್ಲಿ ಆರನೆಯ ವಿಘ್ನದ ಹೆಸರು ಅಪ್ರಧಾನತೆ: ಮುಖ್ಯವಲ್ಲದ್ದರ ಮೇಲೆ ಮನಸ್ಸು ನಿಲ್ಲುವುದು. ಮೂರನೆಯ ವಿಘ್ನ ಅಂಗಳಕ್ಕೆ ಅನುಮತಿ ಕೊಟ್ಟರೆ ಆರನೆಯದು ಅದಕ್ಕೆ ಎಲ್ಲೆ ಹಾಕುತ್ತದೆ. ನಾಟಕಕ್ಕೆ ಹತ್ತು ನಿಮಿಷ ಮುಂಚೆ ಅದರ ಸಂದೇಶವನ್ನು ಬಿಡಿಸಿ ಹೇಳುವ ಅತಿಥಿ ಪ್ರೇಕ್ಷಕನಿಂದ ನಾಟಕವನ್ನು ಕಿತ್ತುಕೊಳ್ಳುತ್ತಾನೆ. ರಂಗದ ಮೇಲೆ ಮೌನವಿರುವಾಗ ಗೋಡೆಯಾಚೆ ಧ್ವನಿವರ್ಧಕ ಕೂಗುತ್ತಿದ್ದರೆ, ಆ ಸಮ್ಮೇಳನ ಎಷ್ಟೇ ದೊಡ್ಡ ವಿಷಯದ್ದಾಗಿರಲಿ, ಅದು ಅಪರಾಧ. ಜೆ.ಪಿ. ನಗರದಲ್ಲಿ 2004ರಲ್ಲಿ ಬಾಗಿಲು ತೆರೆದ ರಂಗಶಂಕರ ಈ ವಿಷಯದಲ್ಲಿ ಬೆಂಗಳೂರಿಗೆ ಒಂದು ಶಿಸ್ತು ಕಲಿಸಿತು. ಅಲ್ಲಿನ ಮೊಗಸಾಲೆಯಲ್ಲಿ ಪುಸ್ತಕವಿದೆ, ತಿಂಡಿಯಿದೆ, ಹರಟೆಯಿದೆ. ಆದರೆ ಆಟ ಶುರುವಾದ ಮೇಲೆ ಬಂದವರು ಯಾರೇ ಆಗಿರಲಿ ಒಳಗೆ ಬಿಡುವುದಿಲ್ಲ. ಕಟ್ಟುನಿಟ್ಟಿನ ಬಾಗಿಲು ಮತ್ತು ತೆರೆದ ಅಂಗಳ ಒಂದಕ್ಕೊಂದು ವಿರೋಧಿಗಳಲ್ಲ; ಹೊರಗೆ ಧಾರಾಳವಾಗಿ ಮಾತಾಡಲು ಜಾಗವಿದ್ದಾಗಲೇ ಒಳಗಿನ ಮೌನವನ್ನು ಅಷ್ಟು ಬಿಗಿಯಾಗಿ ಕೇಳುವ ಹಕ್ಕು ರಂಗಮಂದಿರಕ್ಕೆ ಬರುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಅಂಗಳ ಅಧಿಕಾರದ ಕೈಗೆ ಸಿಕ್ಕರೆ? ಮತ್ತೆ ಅಥೆನ್ಸನ್ನೇ ನೋಡಬೇಕು. ಡಯೊನಿಸಸ್ ಉತ್ಸವದಲ್ಲಿ, ಪ್ರೇಕ್ಷಾಗಾರ ತುಂಬಿದ ಹೊತ್ತಿಗೆ, ಅಧೀನ ನಗರಗಳಿಂದ ಬಂದ ಕಪ್ಪಕಾಣಿಕೆಯ ಬೆಳ್ಳಿಯನ್ನು ಹೊತ್ತು ತಂದು ರಂಗದಲ್ಲಿ ತೋರಿಸುತ್ತಿದ್ದರು. ಯುದ್ಧದಲ್ಲಿ ಸತ್ತವರ ಮಕ್ಕಳನ್ನು ಜನರ ಮುಂದೆ ನಡೆಸುತ್ತಿದ್ದರು. ಐಸಾಕ್ರಟೀಸ್ ಮುಂದಿನ ಶತಮಾನದಲ್ಲಿ ಇದನ್ನು ನೆನೆದು, ತಮ್ಮನ್ನು ತಾವೇ ದ್ವೇಷಕ್ಕೆ ಗುರಿಮಾಡಿಕೊಳ್ಳುವ ಕೆಲಸವಿದು ಎಂಬರ್ಥದಲ್ಲಿ ಖಂಡಿಸಿದ. ಅದೂ ಒಂದು ಪ್ರದರ್ಶನವೇ, ಅದೂ ಸಾಂಸ್ಕೃತಿಕವೇ. ಆದರೆ ಅದು ನೋಡುಗನಿಗೆ ಯಾವ ಪ್ರಶ್ನೆಯನ್ನೂ ಬಿಟ್ಟುಕೊಡುವುದಿಲ್ಲ, ಬೆರಗಾಗು ಎನ್ನುತ್ತದೆ ಅಷ್ಟೆ. ಅದೇ ಅಥೆನ್ಸಿನಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಉತ್ಸವ ಮುಗಿದ ಮೇಲೆ ಅದೇ ಡಯೊನಿಸಸ್ ಆವರಣದಲ್ಲಿ ನಾಗರಿಕರ ಸಭೆ ಸೇರಿ, ಉತ್ಸವವನ್ನು ನಡೆಸಿದವರು ಸರಿಯಾಗಿ ನಡೆಸಿದರೆ, ಯಾರಾದರೂ ಅಲ್ಲಿ ಅನ್ಯಾಯ ಮಾಡಿದರೆ ಎಂದು ವಿಚಾರಿಸುತ್ತಿತ್ತು. ರಂಗದ ನಡುವೆ ತನ್ನ ಮೇಲೆ ಕೈಮಾಡಿದ ಶ್ರೀಮಂತ ಮೀಡಿಯಾಸನ ಮೇಲೆ ಡೆಮಾಸ್ತನೀಸ್ ಹೂಡಿದ ದೂರು ಇಂಥ ಸಭೆಯ ಮುಂದೆಯೇ ಬಂದದ್ದು. ಎರಡೂ ಒಂದೇ ಜಾಗದಲ್ಲಿ ನಡೆದವು. ಜಾಗದಿಂದ ಯಾವುದೂ ಪವಿತ್ರವಾಗಲಿಲ್ಲ. ಅಂಗಳದ ಕಾರ್ಯಕ್ರಮ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಒಂದೇ ಅಳತೆ ಸಾಕು: ಅಲ್ಲಿ ಬಂದವನು ಎದ್ದುನಿಂತು ಒಪ್ಪುವುದಿಲ್ಲ ಎನ್ನಬಹುದೆ? ಅನ್ನಬಹುದಾದರೆ ಅದು ರಂಗದ ಅಂಗಳ. ಸಾಧನೆಗಳ ಫಲಕ, ಹೂಹಾರ, ವಂದನಾರ್ಪಣೆಗಳಲ್ಲಿ ಮುಗಿಯುವ ಸಭೆಗಳಿಗೆ ಬಾಡಿಗೆಗೆ ಬಿಟ್ಟ ಮಂದಿರ, ಆ ಹೊತ್ತಿಗೆ ರಂಗಮಂದಿರವಾಗಿ ಉಳಿಯುವುದಿಲ್ಲ. ನಮ್ಮ ಜಿಲ್ಲಾ ಕೇಂದ್ರಗಳ ರಂಗಮಂದಿರಗಳ ವರ್ಷದ ದಿನಚರಿಯನ್ನು ಈ ಕಣ್ಣಿನಿಂದ ಪರಿಶೀಲಿಸುವ ಕೆಲಸ ಆಗಲೇಬೇಕು.

ಮೂರನೆಯದು ದೇವಾಲಯದ ಹೋಲಿಕೆಯ ಬಗ್ಗೆ. ರಂಗಮಂದಿರದ ಅಂಗಳವನ್ನು ಗುಡಿಯ ರಂಗಮಂಟಪಕ್ಕೆ ಹೋಲಿಸಿ ಮಾತಾಡುವುದು ನಮ್ಮಲ್ಲಿ ರೂಢಿ, ಆ ಹೋಲಿಕೆ ಚೆಲುವಾಗಿಯೂ ಇದೆ. ಗರ್ಭಗುಡಿಗೂ ಬೀದಿಗೂ ನಡುವೆ ನಮ್ಮ ಶಿಲ್ಪಿಗಳು ಸುಕನಾಸಿ, ನವರಂಗ, ಮುಖಮಂಟಪ, ಪ್ರಾಕಾರ ಎಂದು ಹಂತ ಹಂತವಾಗಿ ಜಾಗ ಬಿಟ್ಟರು. ಅವುಗಳಲ್ಲೊಂದಕ್ಕೆ ರಂಗ ಎಂದೇ ಹೆಸರಿಟ್ಟರು. ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲಕ್ಕೆ, 1510ರ ಹೊತ್ತಿಗೆ, ಕಟ್ಟಿದ ರಂಗಮಂಟಪದ ಚಾವಣಿಯನ್ನು ಕತ್ತೆತ್ತಿ ನೋಡಿದರೆ ಗಿರಿಜಾಕಲ್ಯಾಣ, ಅರ್ಜುನನ ಮತ್ಸ್ಯಯಂತ್ರ, ವಿದ್ಯಾರಣ್ಯರ ಮೆರವಣಿಗೆ ಎಲ್ಲವೂ ಬಣ್ಣದಲ್ಲಿವೆ. ದೇವರ ಎದುರಿಗೇ ಚಿತ್ರಶಾಲೆ. ಆದರೆ ಈ ಹೋಲಿಕೆಯನ್ನು ಪೂರ್ತಿ ಒಪ್ಪಿಕೊಳ್ಳುವ ಮುನ್ನ ಯಾರು ಆ ಮಂಟಪಕ್ಕೆ ಕಾಲಿಡಬಹುದಿತ್ತು ಎಂದು ಕೇಳಬೇಕು. ನಾಟ್ಯವನ್ನು ಎಲ್ಲ ವರ್ಣದವರಿಗೂ ಸಲ್ಲುವ ಐದನೆಯ ವೇದವೆಂದು ಸಾರಿದ ನಾಟ್ಯಶಾಸ್ತ್ರವೇ ಮಂಟಪದ ಕಂಬಗಳನ್ನು ನಾಲ್ಕು ವರ್ಣಗಳ ಹೆಸರಿನಲ್ಲಿ ನಿಲ್ಲಿಸುತ್ತದೆ. ಕೇರಳದ ಗುಡಿಗಳ ಆವರಣದಲ್ಲಿರುವ ಕೂತ್ತಂಬಲಗಳೆಂಬ ರಂಗಶಾಲೆಗಳು ಬಹುಕಾಲ ಮೇಲುಜಾತಿಯವರಿಗಷ್ಟೇ ತೆರೆದಿದ್ದವು. ಪೈಂಕುಳಂ ರಾಮ ಚಾಕ್ಯಾರರು 1949ರಲ್ಲಿ ಅಲ್ಲಿ ಆಡುತ್ತಿದ್ದ ಕೂತ್ತನ್ನು ಗುಡಿಯ ಗೋಡೆಯಿಂದಾಚೆ ತಂದು ಆಡಿದಾಗ ಸಂಪ್ರದಾಯಸ್ಥರ ಸಿಟ್ಟನ್ನು ಎದುರಿಸಬೇಕಾಯಿತು. ಇಂದು ಆ ಕಲೆ ಬದುಕಿದ್ದರೆ ಅದರಲ್ಲಿ ಆ ಹೆಜ್ಜೆಯ ಪಾಲು ದೊಡ್ಡದು. ಹೀಗಾಗಿ ಅಂಗಳ ಗುಡಿಯ ಮಂಟಪದ ನಕಲಾಗುವುದು ನನಗೆ ಬೇಡ. ಮಂಟಪ ಮಾತು ಕೊಟ್ಟು ಉಳಿಸಿಕೊಳ್ಳದೆ ಹೋದದ್ದನ್ನು ಅಂಗಳ ಉಳಿಸಿಕೊಡಬೇಕು. ಆವರಣಕ್ಕೆ ಬರಲು ದುಬಾರಿ ಕಾಫಿ ಕೊಳ್ಳಲೇಬೇಕೆಂಬ ವಾತಾವರಣವೂ ಒಂದು ಬಗೆಯ ಕಂಬವೇ. ಅದರ ಮೇಲೆ ವರ್ಣದ ಹೆಸರು ಕೆತ್ತಿಲ್ಲ ಅಷ್ಟೆ.

ಹಾಗಾದರೆ ಪಾವಿತ್ರ್ಯ ಎಲ್ಲಿದೆ? ನಾಟ್ಯಶಾಸ್ತ್ರದ ಮೂರನೆಯ ಅಧ್ಯಾಯ ರಂಗಪೂಜೆಯ ವಿಧಿಗಳನ್ನು ವಿವರಿಸುತ್ತದೆ. ಪೂಜೆಯಿಲ್ಲದೆ ಆಟವಾಡಿದವನಿಗೆ ಕಠಿಣ ಶಾಪವನ್ನೂ ಹೇಳುತ್ತದೆ. ಕಟ್ಟಡ ಕಟ್ಟಿ ಮುಗಿದಾಗಲೇ ಅದು ಪವಿತ್ರವಾಗಿದ್ದರೆ ಇಷ್ಟೊಂದು ವಿಧಿ ಏಕೆ ಬೇಕಿತ್ತು? ಮನುಷ್ಯರು ಕೂಡಿ, ನಿಯಮಕ್ಕೆ ಒಳಗಾಗಿ ಮಾಡುವ ಕ್ರಿಯೆಯಿಂದ ಪಾವಿತ್ರ್ಯ ಹುಟ್ಟುತ್ತದೆ, ಕ್ರಿಯೆ ನಿಂತರೆ ಇಳಿದುಹೋಗುತ್ತದೆ. ಬಯಲಾಟದ ಗದ್ದೆ ರಾತ್ರಿಯಿಡೀ ಕೈಲಾಸವೂ ಲಂಕೆಯೂ ಆಗಿದ್ದು ಬೆಳಗಾದರೆ ಮತ್ತೆ ಗದ್ದೆಯೇ. ಅದೇ ನ್ಯಾಯದಿಂದ ಅಂಗಳದ ಪಾವಿತ್ರ್ಯವೂ ಅಲ್ಲಿನ ನಡವಳಿಕೆಯಲ್ಲಿದೆ: ನಾಟಕದ ಹೊತ್ತಿಗೆ ಮೌನ, ಉಳಿದ ಹೊತ್ತಿಗೆ ತೆರೆದ ಗೇಟು, ಗೋಡೆಯ ಮೇಲೆ ಪ್ರಾಮಾಣಿಕವಾದ ಚಿತ್ರ, ಸಭೆಯಲ್ಲಿ ಭಿನ್ನಮತಕ್ಕೆ ಕುರ್ಚಿ. ರಂಗಮಂದಿರಗಳನ್ನು ಕಟ್ಟಿಸುವವರಲ್ಲಿ, ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಎಷ್ಟು ಕುರ್ಚಿ ಹಿಡಿಸುತ್ತದೆ ಎಂದು ಲೆಕ್ಕ ಹಾಕುವಾಗ ಎಷ್ಟು ಜನ ನಿಂತು ಮಾತಾಡಬಹುದು ಎಂಬುದನ್ನೂ ಲೆಕ್ಕ ಹಾಕಿ. ಆ ಜಾಗವನ್ನು ವಾಹನ ನಿಲ್ದಾಣಕ್ಕೆ ಬಿಟ್ಟುಕೊಡಬೇಡಿ. ನಿಮಗೆ ಒಗ್ಗದ ಮಾತಾಡುವವರನ್ನು ಮೊದಲು ಕರೆಯಿರಿ.

ಈ ಕೊನೆಯ ಮಾತಿಗೆ ಆಧಾರ ನಮ್ಮ ಮೊದಲ ನಾಟಕದ ಕಥೆಯಲ್ಲೇ ಇದೆ. ಇಂದ್ರಧ್ವಜದ ಹಬ್ಬದಲ್ಲಿ ದೇವತೆಗಳು ಗೆದ್ದ ಕಥೆಯನ್ನು ಭರತನ ಮಕ್ಕಳು ಆಡಿದಾಗ, ಸೋತ ಅಸುರರು ಸಿಟ್ಟಿಗೆದ್ದು ನಟರ ಮಾತನ್ನೂ ಚಲನೆಯನ್ನೂ ಸ್ತಂಭಿಸಿದರು. ಇಂದ್ರ ತನ್ನ ಧ್ವಜದಂಡದಿಂದ ಅವರನ್ನು ಜರ್ಜರಗೊಳಿಸಿದ. ಅಷ್ಟಕ್ಕೆ ಗಲಾಟೆ ನಿಲ್ಲಲಿಲ್ಲ. ವಿಶ್ವಕರ್ಮ ನಾಟ್ಯಗೃಹ ಕಟ್ಟಿದ, ದೇವತೆಗಳು ಕಾವಲು ನಿಂತರು. ಅಷ್ಟೂ ಆದ ಮೇಲೆ, ಮೊದಲು ಸಾಮದಿಂದ ಮಾತಾಡಿಸಬೇಕೆಂದು ಬ್ರಹ್ಮ ಅಸುರರನ್ನು ಕರೆದು ಕೇಳಿದ: ನಾಟ್ಯವನ್ನು ಹಾಳುಗೆಡವಲು ಏಕೆ ಎದ್ದಿರಿ? ವಿರೂಪಾಕ್ಷನೆಂಬವನು ಅವರ ಪರವಾಗಿ ನಿಂತು, ದೇವತೆಗಳಿಗಾಗಿ ನಮ್ಮನ್ನು ಅವಮಾನಿಸಿದಿರಿ, ನಾವೂ ಅವರೂ ನಿಮ್ಮಿಂದಲೇ ಹುಟ್ಟಿದವರಲ್ಲವೆ ಎಂದು ದೂರಿದ. ಬ್ರಹ್ಮ ಆ ದೂರನ್ನು ಪೂರ್ತಿ ಕೇಳಿ ಉತ್ತರ ಕೊಟ್ಟ: ಇದು ನಿಮ್ಮೊಬ್ಬರದೂ ಅಲ್ಲ, ದೇವತೆಗಳೊಬ್ಬರದೂ ಅಲ್ಲ, ಮೂರು ಲೋಕಗಳ ಭಾವಗಳ ಅನುಕೀರ್ತನ. ಆ ಮಾತುಕತೆಯಾದ ಮೇಲೆ ರಂಗಪೂಜೆ ನಡೆಯಿತು, ಆಮೇಲೆ ಅಮೃತಮಂಥನವೆಂಬ ನಾಟಕವನ್ನು ಆಡಿದರು. ಅಸುರರು ಅಮೃತದಿಂದ ವಂಚಿತರಾಗುವ ಕಥೆ ಅದು. ಅದನ್ನು ನೋಡಿ ದೇವತೆಗಳೂ ದಾನವರೂ ಎಲ್ಲರೂ ಸಂತೋಷಪಟ್ಟರು ಎಂದು ನಾಟ್ಯಶಾಸ್ತ್ರದ ನಾಲ್ಕನೆಯ ಅಧ್ಯಾಯ ದಾಖಲಿಸುತ್ತದೆ.